ಒಂದಕ್ಕೆ ಎಪ್ಪತ್ತೆರಡು

ಹಗಲೆಲ್ಲ ಹಲ್ಲು ಮಾಡುತ್ತೇನೆ, ಫಳ್ನೀರಿನ ಲ್ಯಾಬಿನಲ್ಲಿ.
ಬಿಳಿಯಲ್ಲೇ ಹದಿನಾರು ಬಿಳಿ ನಮಗೆ:
ಬೀಡಿ ಸೇದಿದವರ ಬಿಳಿ, ಎಲೆಯಡಿಕೆಯವರದು,
ಮದುವೆ ಗೊತ್ತಾದವರದು.
ಕೂದಲೆಳೆ ತಪ್ಪಿದರೂ ಡಾಕ್ಟರರ ಫೋನು,
ಪಕ್ಕದ ಹಲ್ಲಿಗೆ ಕೂಡುವುದಿಲ್ಲ ಎಂದು.
ಕೂಡಿಸಿ ಕೊಡುತ್ತೇನೆ. ಇಪ್ಪತ್ತೆರಡು ವರ್ಷ.
ಮಂಗಳೂರಿನ ಎಷ್ಟೋ ನಗೆಗಳಲ್ಲಿ ನನ್ನದೊಂದು ಪಾಲುಂಟು,
ನಕ್ಕವರಿಗೆ ಗೊತ್ತಿಲ್ಲ.

ರಾತ್ರಿ, ಬಿಜೈಯ ಬಾಡಿಗೆ ಮನೆಯಲ್ಲಿ
ಊಟದ ಮೇಜಿಗೆ ಹಳೆ ಪೇಪರು ಹಾಸಿ
ಡಕೋಟ ವಿಮಾನ. ಒಂದಕ್ಕೆ ಎಪ್ಪತ್ತೆರಡು.
ರೆಕ್ಕೆಯಿಂದ ರೆಕ್ಕೆಗೆ ಮೊಳಕ್ಕೆ ತುಸು ಕಡಿಮೆ.

ಮೂರು ಸಲ ಬಳಿದೆ, ಮೂರು ಸಲ ಉಜ್ಜಿ ತೆಗೆದೆ.
ಮೊದಲ ಸಲ ಕಡಲಿನ ಒದ್ದೆ ಗಾಳಿ:
ಬಣ್ಣ ಆರುವ ಮೊದಲೇ ಮೈಯೆಲ್ಲ ಮಂಜು,
ಮುದುಕರ ಕಣ್ಣಿನ ಪೊರೆಯ ಹಾಗೆ.
ಎರಡನೆಯ ಸಲ ಫ್ಯಾನಿನ ಧೂಳು.
ಮೂರನೆಯ ಸಲ ಎಂತದೂ ಇರಲಿಲ್ಲ.
ಆದರೂ ಉಜ್ಜಿದೆ.
ಭೂತಗನ್ನಡಿ ಹಿಡಿದು ಕೂತವನಿಗೆ
ತಪ್ಪು ಸಿಗದ ವಸ್ತು ಯಾವುದುಂಟು?

ಮೂರು ವಾರದಿಂದ ನೆಲದ ಮೇಲೆ ಉಣ್ಣುವ ಸುಗಂಧಿ
ಒಮ್ಮೆ ಮಾತ್ರ ಕೇಳಿದಳು:
"ಇದು ಹೊರಡುವುದು ಎಷ್ಟು ಗಂಟೆಗೆ?"

ನಾಲ್ಕನೆಯ ಸಲ ಫ್ಯಾನು ನಿಲ್ಲಿಸಿ, ಬನಿಯನ್ನು ಬಿಚ್ಚಿ,
ಬೆವರು ಬೀಳದ ಹಾಗೆ ಹಣೆಗೆ ಬೈರಾಸು ಕಟ್ಟಿ
ಉಸಿರು ಹಿಡಿದು ಎಳೆದೆ ಬೂದು ಬಣ್ಣ.
ಕನ್ನಡಿ ನೀರು! ಅಷ್ಟು ನಯ.
ಆಗ ಬಂದು ಕೂತಿತು ಎಡ ರೆಕ್ಕೆಯ ಮೇಲೊಂದು ಸೊಳ್ಳೆ.
ಎಪ್ಪತ್ತೆರಡರ ಲೆಕ್ಕದಲ್ಲಿ ಅದು ಕಾಗೆಯಷ್ಟು.
ಯೋಚಿಸಲಿಲ್ಲ, ಒತ್ತಿಬಿಟ್ಟೆ.
ಸೊಳ್ಳೆ ಹಾರಿತು. ಉಳಿದದ್ದು ನನ್ನ ಹೆಬ್ಬೆರಳ ಗೆರೆ,
ಅದೇ ಲೆಕ್ಕದಲ್ಲಿ ಮೂರೂವರೆ ಅಡಿ.

ಉಪ್ಪುಕಾಗದ ಕೈಗೆತ್ತಿಕೊಂಡೆ.
ಅಷ್ಟರಲ್ಲಿ ಮಾಡಿನ ಮೇಲೆ ಬಜಪೆಗೆ ಇಳಿಯುವ ಕೊನೆಯ ವಿಮಾನ;
ಕಪಾಟಿನ ಗಾಜು ಸಣ್ಣಗೆ ನಡುಗಿತು,
ಲಿಗೋರಿ ಮಾಸ್ಟ್ರು ನೆನಪಾದರು.

ಲ್ಯಾಬಿಗೆ ಸೇರಿದ ವರ್ಷ ಒಂದು ಕೋರೆಹಲ್ಲು ಮಾಡಿದ್ದೆ,
ಕಲೆಯಿಲ್ಲ, ಗೆರೆಯಿಲ್ಲ, ಮುತ್ತು.
ಬೆಳಕಿಗೆ ಹಿಡಿದು ನೋಡಿದರು ಅವರು:
"ಚಂದ ಉಂಟು ಮಾರಾಯ.
ಆದರೆ ಇದು ಇಲ್ಲಿಯವರೆಗೆ ಒಂದು ತುತ್ತೂ ತಿಂದ ಹಲ್ಲಲ್ಲ."
ರೆಪ್ಪೆಗೂದಲಿನಂಥ ಕುಂಚದಿಂದ
ಬುಡದಲ್ಲಿ ತುಸು ಕಂದು, ನಡುವೆ ಸಣ್ಣದೊಂದು ಬಿರುಕು.
ಹಲ್ಲಿಗೆ ಬಾಯಿ ಬಂತು.
ಆಮೇಲೆ ಚಹಾ ಕುಡಿಯುತ್ತ ಅದೇ ಕತೆ:
ಕೆಂಜಾರಿನ ಗುಡ್ಡದ ಅಂಚಿನಲ್ಲಿ ದನ ಬಿಟ್ಟು
ಚಡ್ಡಿ ಎತ್ತಿಕೊಂಡು ಓಡಿ ನೋಡಿದ ಡಕೋಟ,
ಮೈ ಬೆಳ್ಳಿ, "ಹೊಟ್ಟೆಯೆಲ್ಲ ನಮ್ಮೂರ ಕೆಂಪು."

ಉಪ್ಪುಕಾಗದ ಕೆಳಗಿಟ್ಟೆ.
ಹೆಬ್ಬೆಟ್ಟು ಬಿದ್ದಾಯಿತಲ್ಲ,
ಇನ್ನು ಪತ್ರ ತಿದ್ದುವ ಹಾಗಿಲ್ಲ.

ಟಾರ್ಚು ಹಿಡಿದು ಹೋಗಿ ಕಾಂಪೌಂಡಿನ ಮುರಕಲ್ಲನ್ನು
ಚಮಚದಲ್ಲಿ ಕೆರೆದೆ ಒಂದು ಚಿಟಿಕೆ.
ನೀರಲ್ಲಿ ಕಲಸಿ ಹೊಟ್ಟೆಗೆ ಹಚ್ಚಿದೆ, ಅಳತೆಯಿಲ್ಲ.
ಚಕ್ರದ ಹಿಂದೆ ದಪ್ಪ, ಬಾಲದ ಕಡೆಗೆ ತೆಳು,
ಒಂದು ಕಡೆ ಜಾಸ್ತಿಯಾಯಿತು, ಇರಲಿ.
ಎಂಜಿನ್ನಿನ ಹಿಂದೆ ಪೆನ್ಸಿಲಿನ ಮಸಿ.
ಕುಂಚದ ಒಂದು ಕೂದಲು ಮೂತಿಯಲ್ಲಿ ಅಂಟಿಕೊಂಡಿತ್ತು,
ಅದೂ ಇರಲಿ.
ಒಂದೂವರೆಗೆ ಮಲಗಿದೆ. ನಿದ್ದೆ ಬಂತು.

ಆದಿತ್ಯವಾರ ಶೂ ಡಬ್ಬಿಯಲ್ಲಿಟ್ಟು ಕುಲಶೇಖರಕ್ಕೆ ಒಯ್ದೆ.
ಮಾಸ್ಟ್ರ ಹಲ್ಲಿನ ಸೆಟ್ಟು ಕಿಟಕಿಯ ಲೋಟದಲ್ಲಿತ್ತು.
ರೆಕ್ಕೆ ನೋಡಲಿಲ್ಲ ಅವರು, ಮೂತಿಯನ್ನೂ ನೋಡಲಿಲ್ಲ,
ಅಂಗೈ ಮೇಲೆ ಮಗುಚಿ ಹಾಕಿ
ಬಹಳ ಹೊತ್ತು ಹೊಟ್ಟೆಯನ್ನೇ ನೋಡಿ
ಬೊಚ್ಚುಬಾಯಲ್ಲಿ ಹೇಳಿದರು:
"ಹಾಂ. ಇದು ಇಳಿದದ್ದು."

ಮೇಜಿನ ಮೇಲೆ ಪೇಪರು ದಾಟಿದ ಬೂದು ಕಲೆ ಹೋಗಲಿಲ್ಲ.
ಸುಗಂಧಿ ಅದರ ಮೇಲೆ
ಗಂಜಿಯ ಪಾತ್ರೆ ಇಡುತ್ತಾಳೆ.